ಅಜೆಂಡಾ ಒಂಬತ್ತು

ಹನ್ನೊಂದಕ್ಕೆ ಕರೆದ ಸಭೆ ಹನ್ನೊಂದೂ ನಲವತ್ತಕ್ಕೆ ಸುರುವಾಯಿತು.
ಕೋರಂ ಇದೆ. ಫ್ಯಾನು ಎರಡರಲ್ಲಿ ಒಂದು ತಿರುಗುತ್ತದೆ.
ಅಧ್ಯಕ್ಷೆ ನಸೀಮ ಮೈಕು ತಟ್ಟಿ ನೋಡಿ
ನನ್ನ ಕಡೆ ಕಣ್ಣು ಮಾಡಿದರು.
ಕಳೆದ ಸಭೆಯ ವರದಿ ಓದಿದೆ,
ಮಲಯಾಳದಲ್ಲೊಮ್ಮೆ, ಕನ್ನಡದಲ್ಲೊಮ್ಮೆ.
ಎರಡರಲ್ಲೂ ಯಾರೂ ಕೇಳಿಸಿಕೊಳ್ಳಲಿಲ್ಲ.
ಅಂಗೀಕಾರವಾಯಿತು.

ಬೀದಿದೀಪ: ಉಪ್ಪುಗಾಳಿಗೆ ತುಕ್ಕು ತಿಂದ ಕಂಬ ಹದಿಮೂರು.
ಮನೆ ನಂಬ್ರ ಸಿಗದವರು ಏಳು ಮಂದಿ.
ಪ್ಲಾಸ್ಟಿಕ್ಕು ಹೆಕ್ಕುವ ಸುಗಂಧಿ ಎದ್ದು ನಿಂತು,
‘ತಿಂಗಳ ಐವತ್ತು ರೂಪಾಯಿ ಕೇಳಿದರೆ
ನಮ್ಮ ಮೇಲೆ ನಾಯಿ ಬಿಡುತ್ತಾರೆ’ ಎಂದಳು.
‘ನಾಯಿಯ ವಿಷಯ ಆರನೆಯ ಅಜೆಂಡಾ,
ಈಗ ನಾಲ್ಕು’ ಎಂದರು ಜಯಂತ ಪಾಟಾಳಿ.
ನಗು. ನಗುವನ್ನು ವರದಿಯಲ್ಲಿ ಬರೆಯುವ ಕ್ರಮವಿಲ್ಲ.

ಅಷ್ಟರಲ್ಲಿ ಹಿತ್ತಿಲಾಚೆ ಗೂಡ್ಸ್ ಗಾಡಿ.
ಅದು ಹೋಗುವಷ್ಟು ಹೊತ್ತು ಪಂಚಾಯತಿಗೆ ಬಾಯಿಲ್ಲ.
ಫೆಲಿಕ್ಸ್ ಕ್ರಾಸ್ತರ ಬೆರಳು ಮಾತ್ರ
ಹೇಳಹೊರಟ ಅಂಶದ ಮೇಲೆ ನೆಟ್ಟಗೆ ನಿಂತಿತ್ತು.
ಐವತ್ತೆಂಟು ಬೋಗಿ ದಾಟಿದ ಮೇಲೆ
ಬೆರಳಿತ್ತು, ಅಂಶ ಇರಲಿಲ್ಲ.

ಒಂಬತ್ತು.
ಬಂಗ್ರಕೋಡಿಯ ತೋಡಿಗೆ ಅಡ್ಡ ಇರುವ ಸಂಕ
ಮುರಿದಿದೆ ಎಂದು ಅವ್ವಮ್ಮ ಕೊಟ್ಟ ಅರ್ಜಿ,
ಕನ್ನಡದಲ್ಲಿ, ಪೆನ್ಸಿಲಿನಲ್ಲಿ, ಹದಿನಾಲ್ಕು ತಿಂಗಳ ಹಿಂದೆ.
ಆ ವಾರ ನನಗೆ ರಜೆ. ಅಮ್ಮನ ಕಣ್ಣಿನ ಆಪರೇಷನ್ನು.
ಕೊಲ್ಲದಿಂದ ಬಂದ ಕಾರ್ಯದರ್ಶಿ ಸಜಿ ಸಾರ್
ಫೋನನ್ನು ಕಾಗದದ ಮೇಲೆ ಹಿಡಿದರಂತೆ.
ಫೋನು ಯೋಚಿಸಿ ಹೇಳಿತಂತೆ: ಶಂಖ ಒಡೆದಿದೆ.

ಫೈಲು ಪೂರ್ತಿ ನಾನೀಗ ನೋಡಿದ್ದೇನೆ.
‘ಒಡೆದದ್ದು ಯಾವ ದೇವಸ್ಥಾನದ್ದು?’
‘ಅರ್ಜಿದಾರಳು ಅನ್ಯಮತದವಳು, ಸೂಕ್ಷ್ಮ ವಿಷಯ.’
‘ಪೊಲೀಸರ ಅಭಿಪ್ರಾಯ ಕೇಳಬಹುದು.’
‘ಪಂಚಾಯತಿನ ವ್ಯಾಪ್ತಿಗೆ ಬರುವುದಿಲ್ಲ.’
ನಾಲ್ಕು ಸೀಲು, ನಾಲ್ಕು ಬಣ್ಣದ ಶಾಯಿ.
ಕೆಳಗೆ, ತೋಡಿನ ನೀರು ತನ್ನಷ್ಟಕ್ಕೆ.
ತೋಡು ಎಂಬ ಮಾತಿಗೆ ಇಲ್ಲಿ ಯಾರಿಗೂ ತರ್ಜುಮೆ ಬೇಕಿಲ್ಲ,
ಅದರ ಮೇಲೆ ಹಾಸಿದ್ದಕ್ಕೆ ಬೇಕಾಯಿತು.

ಅವ್ವಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು,
ತಲೆವಸ್ತ್ರದ ಅಂಚು ಹಲ್ಲಿನಲ್ಲಿ ಕಚ್ಚಿ.
ಬೀಡಿ ಕಟ್ಟುವ ಮೊರ ಮಡಿಲಲ್ಲಿ, ಬಸ್ಸಿನಿಂದ ನೇರ ಬಂದವರು.
ಸಜಿ ಸಾರ್ ಎದ್ದು ಕನ್ನಡದಲ್ಲಿ ‘ಕ್ಷಮಿಸಿ’ ಎಂದರು,
ಕಲಿತುಕೊಂಡೇ ಬಂದಿದ್ದರು ಪಾಪ.
ಅವ್ವಮ್ಮನಿಗೆ ಅದು ಅವರ ಊರಿನ ಮಲಯಾಳವೆಂದು ತೋರಿ
ನನ್ನ ಮುಖ ನೋಡಿದರು.

‘ಉದ್ದ ಎಷ್ಟು?’ ಓವರ್‌ಸಿಯರ್ ಪೆನ್ನು ತೆಗೆದ.
ವಾರ್ಡ್ ಮೆಂಬರು ಪಾಟಾಳಿಯವರಿಗೆ ಗೊತ್ತಿಲ್ಲ.
ರಿಜಿಸ್ತ್ರಿಯಲ್ಲಿ ಅಂಥ ಸಂಕವೇ ಇಲ್ಲ.
ಯಾರೋ ಎರಡು ತೆಂಗಿನ ಮರ ಕಡಿದು ಹಾಕಿದ್ದು,
ಯಾರೆಂದರೆ, ಅವ್ವಮ್ಮನ ಗಂಡ. ಈಗ ಇಲ್ಲ.
‘ಹದಿನಾಲ್ಕು ಹೆಜ್ಜೆ’ ಎಂದರು ಬೆಂಚಿನಿಂದ.
ಮತ್ತೆ ಸ್ವಲ್ಪ ಬಿಟ್ಟು,
‘ಮಳೆಗಾಲದಲ್ಲಿ ಹದಿನೇಳು.’

ಓವರ್‌ಸಿಯರ್ ಬರೆದುಕೊಳ್ಳಲಿಲ್ಲ.
‘ಸ್ಥಳ ಪರಿಶೀಲಿಸಿ ಎಸ್ಟಿಮೇಟ್ ತಯಾರಿಸಲು
ತೀರ್ಮಾನಿಸಲಾಯಿತು’ ಎಂದು ನಾನು ಬರೆದೆ.
ಇಪ್ಪತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ,
ಆಯಿತು, ಲಾಯಿತು, ಲಾಗುವುದು;
ಕೈ ಯಾರದ್ದೆಂದು ಕೇಳದ ಕ್ರಿಯಾಪದ.
ಉದ್ದದ ಕಡೆ ಒಂದಿಂಚು ಜಾಗ ಖಾಲಿ ಬಿಟ್ಟೆ.

ಆಮೇಲೆ ನಾಯಿ ಉಳಿದಿತ್ತು, ಅದಕ್ಕೆ ಉಪಸಮಿತಿ.
ಚಾ ಬಂತು, ಪೋಡಿ ಬಂತು, ಪೋಡಿ ತಣಿದಿತ್ತು.
ನಸೀಮರ ಮಗು ಬಾಗಿಲಲ್ಲಿ ಹಟ ಹಿಡಿದದ್ದರಿಂದ
ಇತರ ವಿಷಯಗಳು ಮುಂದಿನ ಸಭೆಗೆ ಹೋದವು.

ಐದೂವರೆಗೆ ಬೀಗ ಹಾಕಿ
ಮನೆಯ ಬಸ್ಸು ಬಿಟ್ಟು ಬಂಗ್ರಕೋಡಿಗೆ ಹೋದೆ.
ಒಂದು ಮರ ನಡುವಿನಲ್ಲಿ ಸೀಳಿದೆ,
ಇನ್ನೊಂದಕ್ಕೆ ಗೋಣಿಚೀಲ ಸುತ್ತಿ
ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದಾರೆ.
ಕೆಳಗೆ ಹುಡುಗರು ಮೀನಿಗೆ ಗಾಳ ಹಾಕಿ ಕೂತಿದ್ದರು,
ನನ್ನನ್ನು ನೋಡಿ ಗಾಳ ಎತ್ತಿಕೊಂಡರು.

ಚಪ್ಪಲಿ ಕೈಯಲ್ಲಿ ಹಿಡಿದು ಎಣಿಸಿದೆ.
ನನಗೆ ಹತ್ತೊಂಬತ್ತಾಯಿತು.
ಮಳೆ ಇರಲಿಲ್ಲ.